ಪೀಬಾಡಿಯ ಐದು ಲಕ್ಷ ಪೌಂಡು, ನಮ್ಮ ಮಾವನ ಜೋಡಿ ಎತ್ತು

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಮಾತು ಎಲ್ಲೆಲ್ಲೋ ಸುತ್ತಿ ಮನೆಯಿಲ್ಲದವರ ವಿಷಯಕ್ಕೆ ಬಂತು. ನಮ್ಮ ಟೀಮಿನ ಹುಡುಗನೊಬ್ಬ ಹಿಂದಿನ ರಾತ್ರಿ ಕ್ಯಾಬಿನಲ್ಲಿ ಮನೆಗೆ ಹೋಗುವಾಗ ಫ್ಲೈಓವರ್ ಕೆಳಗೆ ಒಂದು ಸಂಸಾರ ಮಲಗಿದ್ದನ್ನು ನೋಡಿದ್ದನಂತೆ. "ನಮ್ಮ ದೇಶದ ಟಾಪ್ ಹತ್ತು ಶ್ರೀಮಂತರು ಮನಸ್ಸು ಮಾಡಿದ್ರೆ ಒಬ್ಬರೂ ಬೀದೀಲಿ ಮಲಗೋ ಹಾಗಿರಲ್ಲ ಕಣೋ" ಅಂದ. ಇಂಜಿನಿಯರುಗಳು ತಾನೇ, ತಕ್ಷಣ ಟಿಶ್ಯೂ ಪೇಪರ್ ಮೇಲೆ ಲೆಕ್ಕ ಶುರು. 2011ರ ಜನಗಣತಿಯಲ್ಲಿ ಮನೆಯೇ ಇಲ್ಲದವರು ಅಂತ ಎಣಿಸಿದ್ದು ಸುಮಾರು 17.7 ಲಕ್ಷ ಜನರನ್ನು. ಸಂಸಾರಗಳ ಲೆಕ್ಕದಲ್ಲಿ ಸುಮಾರು 4.5 ಲಕ್ಷ. ಒಂದೊಂದು ಸಂಸಾರಕ್ಕೆ 10 ಲಕ್ಷದ ಮನೆ ಅಂತ ಇಟ್ಟುಕೊಂಡರೆ 45,000 ಕೋಟಿ. ಅಷ್ಟು ಆಸ್ತಿ ಇರುವವರು ನಮ್ಮ ದೇಶದಲ್ಲಿ ಒಬ್ಬರಲ್ಲ, ಹಲವರಿದ್ದಾರೆ. ಲೆಕ್ಕ ಮುಗೀತು, ಸಮಸ್ಯೆಯೂ ಮುಗೀತು! ಕೈ ತೊಳೆದುಕೊಂಡು ಎದ್ದೆವು.

ನನಗೆ ಮಾತ್ರ ಆ ಲೆಕ್ಕ ತಲೆಯಿಂದ ಹೋಗಲಿಲ್ಲ. ಕಾರಣ ಇದೆ. ಎರಡು ವರ್ಷದ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆ ಅಂತ ಮೂರು ತಿಂಗಳು ಲಂಡನ್ನಿನಲ್ಲಿದ್ದೆ. ದಿನಾ ಆಫೀಸಿಗೆ ನಡೆದು ಹೋಗುವ ದಾರಿ ಬ್ಲ್ಯಾಕ್‌ಫ್ರೈಯರ್ಸ್ ರಸ್ತೆ. ಅಲ್ಲೊಂದು ಕಡೆ ಮಾಸಲು ಹಳದಿ ಇಟ್ಟಿಗೆಯ ನಾಲ್ಕೈದು ಮಹಡಿಯ ಹಳೇ ಕಟ್ಟಡಗಳು ಒಂದು ಅಂಗಳದ ಸುತ್ತ ನಿಂತಿವೆ. ನೋಡಿದರೆ ಹಾಸ್ಟೆಲ್ಲೋ ಪೊಲೀಸ್ ಕ್ವಾರ್ಟರ್ಸೋ ಅನ್ನಿಸುತ್ತದೆ. ಹೆಸರು ಪೀಬಾಡಿ ಸ್ಕ್ವೇರ್. ಕಟ್ಟಿ ನೂರೈವತ್ತು ವರ್ಷವಾಗಿದ್ದರೂ ಈಗಲೂ ಅಲ್ಲಿ ಬಾಡಿಗೆಗೆ ಜನ ಇದ್ದಾರೆ, ಕಿಟಕಿಯಲ್ಲಿ ಹೂವಿನ ಕುಂಡ, ಮೆಟ್ಟಿಲ ಹತ್ತಿರ ಮಕ್ಕಳ ಸೈಕಲ್. ಯಾರಪ್ಪ ಈ ಪೀಬಾಡಿ ಅಂತ ಹುಡುಕಲು ಹೊರಟವನಿಗೆ ಸಿಕ್ಕಿದ್ದು ನಮ್ಮ ಟಿಶ್ಯೂ ಪೇಪರಿನ ಲೆಕ್ಕವನ್ನು ನಿಜವಾದ ದುಡ್ಡಿನಲ್ಲಿ ಮಾಡಿ ನೋಡಿದ ಮನುಷ್ಯ.

ಜಾರ್ಜ್ ಪೀಬಾಡಿ ಹುಟ್ಟಿದ್ದು 1795ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸಿನ ಬಡ ಕುಟುಂಬದಲ್ಲಿ. ಹನ್ನೊಂದನೇ ವಯಸ್ಸಿಗೇ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಮುಂದೆ ಬಾಲ್ಟಿಮೋರಿನಲ್ಲಿ ಬಟ್ಟೆ ವ್ಯಾಪಾರಿಯಾಗಿ, 1837ರಲ್ಲಿ ಲಂಡನ್ನಿಗೆ ಬಂದು ನೆಲೆಸಿ, ಅಮೆರಿಕದ ರಾಜ್ಯಗಳ ಸಾಲಪತ್ರಗಳನ್ನು ಮಾರುವ ಬ್ಯಾಂಕರ್ ಆದ. ಅವನ ಪಾಲುದಾರ ಜೂನಿಯಸ್ ಮಾರ್ಗನ್. ಹೌದು, ಇವತ್ತಿನ ಜೆ.ಪಿ. ಮಾರ್ಗನ್ ಬ್ಯಾಂಕಿನ ಬೇರು ಅಲ್ಲೇ ಇರುವುದು. ಪೀಬಾಡಿ ಮದುವೆಯಾಗಲಿಲ್ಲ. ಜಿಪುಣತನಕ್ಕೆ ಹೆಸರುವಾಸಿ. ಮಳೆಯಲ್ಲಿ ನೆನೆಯುತ್ತಾ ಎರಡು ಪೆನ್ನಿಯ ಬಸ್ಸು ಬಿಟ್ಟು ಒಂದು ಪೆನ್ನಿಯ ಬಸ್ಸಿಗೆ ಕಾಯುತ್ತಿದ್ದ ಅಂತ ಒಂದು ಕಥೆಯೇ ಇದೆ. (ಬಿಎಂಟಿಸಿ ವೋಲ್ವೋ ಬಿಟ್ಟು ಮಾಮೂಲಿ ಬಸ್ಸಿಗೆ ಕಾದವರಿಗೆ ಈತನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಲೇಬೇಕು :-) )

ಇಂಥವನು ಇಳಿವಯಸ್ಸಿನಲ್ಲಿ ಲಂಡನ್ನಿನ ಬಡವರಿಗೆ ಏನಾದರೂ ಮಾಡಬೇಕು ಅಂತ ಹೊರಟ. ಕುಡಿಯುವ ನೀರಿನ ನಲ್ಲಿ ಹಾಕಿಸಲೇ, ಬಡ ಮಕ್ಕಳ ಶಾಲೆಗಳಿಗೆ ಕೊಡಲೇ ಎಂದು ಯೋಚಿಸುತ್ತಿದ್ದವನಿಗೆ, ಆ ಶಾಲೆಗಳನ್ನೇ ನಡೆಸುತ್ತಿದ್ದ ಲಾರ್ಡ್ ಶಾಫ್ಟ್ಸ್‌ಬರಿ ಶಾಲೆಗಿಂತ ಮೊದಲು ಬೇಕಾಗಿರುವುದು ಮನೆ ಎಂದರಂತೆ. 1862ರ ಮಾರ್ಚಿಯಲ್ಲಿ ಪೀಬಾಡಿ ಬರೆದ ಪತ್ರ ಪತ್ರಿಕೆಗಳಲ್ಲಿ ಬಂತು: 1,50,000 ಪೌಂಡು ಲಂಡನ್ನಿನ ಬಡವರಿಗೆ. ಜಾತಿ, ಮತ, ರಾಜಕೀಯ ಯಾವುದನ್ನೂ ನೋಡಕೂಡದು ಎನ್ನುವುದು ಷರತ್ತು. ಆಮೇಲೂ ಕೊಡುತ್ತಾ ಹೋಗಿ ಒಟ್ಟು ಮೊತ್ತ 5,00,000 ಪೌಂಡು ಆಯಿತು. ಆ ಕಾಲದಲ್ಲಿ ವಾರಕ್ಕೆ 24 ಶಿಲಿಂಗ್ ದುಡಿಯುವ ಕೆಲಸಗಾರನೊಬ್ಬ ಇಷ್ಟನ್ನು ಸಂಪಾದಿಸಬೇಕಾದರೆ ಒಂದು ಪೆನ್ನಿಯೂ ಖರ್ಚು ಮಾಡದೆ ಎಂಟು ಸಾವಿರ ವರ್ಷ ದುಡಿಯಬೇಕಿತ್ತು. ರಾಣಿ ವಿಕ್ಟೋರಿಯಾ ಬಿರುದು ಕೊಡಲು ಮುಂದೆ ಬಂದರೆ ಬೇಡ ಎಂದ. ಬದುಕಿದ್ದಾಗಲೇ ರಾಯಲ್ ಎಕ್ಸ್‌ಚೇಂಜ್ ಹತ್ತಿರ ಅವನ ಪ್ರತಿಮೆ ನಿಂತಿತು, ಈಗಲೂ ಇದೆ. 1869ರಲ್ಲಿ ಸತ್ತಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಗೌರವ, ನಂತರ ಯುದ್ಧನೌಕೆಯೊಂದರಲ್ಲಿ ಹೆಣವನ್ನು ಅಮೆರಿಕಕ್ಕೆ ಕಳಿಸಿಕೊಟ್ಟರು. ಜಗತ್ತು ಒಬ್ಬ ದಾನಿಗೆ ಇದಕ್ಕಿಂತ ಹೆಚ್ಚು ಮರ್ಯಾದೆ ಕೊಡಲು ಸಾಧ್ಯವೇ ಇರಲಿಲ್ಲ.

ದುಡ್ಡು ಏನಾಯಿತು? ಇಲ್ಲಿಂದ ಕಥೆ ನಿಧಾನವಾಗಿ ಓದಬೇಕು.

ಮೊದಲ ಕಟ್ಟಡ 1864ರಲ್ಲಿ ಸ್ಪಿಟಲ್‌ಫೀಲ್ಡ್ಸಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಎದ್ದಿತು. 57 ಮನೆ, ಮೇಲಿನ ಮಹಡಿಯಲ್ಲಿ ಬಟ್ಟೆ ಒಗೆಯುವ ಜಾಗ, ಸ್ನಾನದ ಮನೆ. ಟ್ರಸ್ಟಿಗಳು ದಾನದ ದುಡ್ಡು ಕರಗಬಾರದು ಎಂದು ನಿರ್ಧರಿಸಿದ್ದರು. ಹಾಕಿದ ಬಂಡವಾಳಕ್ಕೆ ಸುಮಾರು ಶೇ. 3ರಷ್ಟು ಬಾಡಿಗೆಯಿಂದ ವಾಪಸ್ ಬರಬೇಕು, ಅದರಿಂದ ಮತ್ತೆ ಮನೆ ಕಟ್ಟಬೇಕು, ಹೀಗೆ ನಿಧಿ ಬೆಳೆಯುತ್ತಲೇ ಹೋಗಬೇಕು. ಆಗ ಲಂಡನ್ನಿನಲ್ಲಿ ಇಂಥದ್ದೇ ಕೆಲಸ ಮಾಡುತ್ತಿದ್ದ ಬೇರೆ ಕಂಪನಿಗಳು ಹೂಡಿಕೆದಾರರಿಗೆ ಶೇ. 5 ಕೊಡುತ್ತೇವೆ ಅನ್ನುತ್ತಿದ್ದವು. ಅದಕ್ಕೇ ಇತಿಹಾಸಕಾರರು ಇದನ್ನೆಲ್ಲ ತಮಾಷೆಯಾಗಿ ಐದು ಪರ್ಸೆಂಟ್ ಧರ್ಮ ಅಂತ ಕರೆಯುವುದು. ಅವುಗಳ ಪಕ್ಕದಲ್ಲಿ ಪೀಬಾಡಿ ನಿಧಿ ಸಾಧುವೇ ಸರಿ. ಕೇಳಿದರೆ ತುಂಬಾ ಬುದ್ಧಿವಂತಿಕೆಯ ಮಾದರಿ ಅನ್ನಿಸುತ್ತದೆ, ನನಗೂ ಮೊದಲು ಹಾಗೇ ಅನ್ನಿಸಿತ್ತು. ಒಮ್ಮೆ ಕೊಟ್ಟ ದುಡ್ಡು ಶಾಶ್ವತವಾಗಿ ಮನೆ ಕಟ್ಟುತ್ತಲೇ ಇರುತ್ತದಲ್ಲ!

ಆದರೆ ಶೇ. 3 ಬರಬೇಕು ಅಂದರೆ ಬಾಡಿಗೆ ತಪ್ಪಬಾರದು. ಬಾಡಿಗೆ ತಪ್ಪಬಾರದು ಅಂದರೆ ಪ್ರತಿ ವಾರ ಸಂಬಳ ಬರುವವನನ್ನೇ ಒಳಗೆ ಬಿಡಬೇಕು. ನಿಯಮಗಳು ಹೀಗಿದ್ದವು: ಬಾಡಿಗೆ ವಾರ ವಾರ ಮುಂಗಡ, ಬಾಕಿ ಇಡುವ ಹಾಗಿಲ್ಲ. ಸಿಡುಬಿನ ಲಸಿಕೆ ಹಾಕಿಸಿಕೊಂಡಿರಬೇಕು. ನಾಯಿ ಸಾಕುವ ಹಾಗಿಲ್ಲ. ಗೋಡೆಗೆ ಕಾಗದ ಅಂಟಿಸುವ ಹಾಗಿಲ್ಲ. ರಾತ್ರಿ 11ಕ್ಕೆ ಹೊರಬಾಗಿಲು ಹಾಕುತ್ತಾರೆ, ದೀಪ ಆರಿಸುತ್ತಾರೆ. ಅಂಗಡಿ ಇಡುವ ಹಾಗಿಲ್ಲ, ಒಳಬಾಡಿಗೆಗೆ ಕೊಡುವ ಹಾಗಿಲ್ಲ, ನಿಮ್ಮ ಮನೆಯದಲ್ಲದೆ ಬೇರೆಯವರ ಬಟ್ಟೆ ತಂದು ಒಗೆಯುವ ಹಾಗಿಲ್ಲ.

ಈ ಕೊನೆಯದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಊರವರ ಬಟ್ಟೆ ಒಗೆದು ಮಕ್ಕಳನ್ನು ಸಾಕುತ್ತಿದ್ದ ವಿಧವೆಯರು ಆ ಕಾಲದ ಲಂಡನ್ನಿನಲ್ಲಿ ಗಲ್ಲಿಗಲ್ಲಿಗೂ ಇದ್ದರು. ತಳ್ಳುಗಾಡಿಯಲ್ಲಿ ಹಣ್ಣು, ತರಕಾರಿ, ಮೀನು ಮಾರುವ ಜನವಂತೂ ಸಾವಿರ ಸಾವಿರ. ಕೆಲವರಿಗೆ ಗಾಡಿ ಎಳೆಯಲು ಕತ್ತೆಯೂ ಇತ್ತು. ಅವರ ಗಾಡಿ ನಿಲ್ಲಿಸಲು, ಕತ್ತೆ ಕಟ್ಟಲು, ಮಿಕ್ಕಿದ ಮಾಲು ಇಡಲು ಪೀಬಾಡಿ ಕಟ್ಟಡಗಳಲ್ಲಿ ಜಾಗವಿರಲಿಲ್ಲ. ಬಂದರಿನ ಕೂಲಿಗಳಿಗೆ ಇವತ್ತು ಕೆಲಸ ಉಂಟು, ನಾಳೆ ಇಲ್ಲ. ಅವರು ವಾರದ ಮುಂಗಡ ಎಲ್ಲಿಂದ ಕೊಡುತ್ತಾರೆ? 1880ರ ಸುಮಾರಿಗೆ ಪೀಬಾಡಿ ಮನೆಗಳಲ್ಲಿದ್ದ ಸಂಸಾರದ ಯಜಮಾನರ ಸರಾಸರಿ ಸಂಪಾದನೆ ವಾರಕ್ಕೆ 23-24 ಶಿಲಿಂಗ್. ಅಂದರೆ ಕಷ್ಟಪಟ್ಟು ದುಡಿಯುವ, ಖಾಯಂ ಕೆಲಸವಿರುವ ಮರ್ಯಾದಸ್ಥ ಬಡವರು. ಅವರಿಗೆ ಮನೆ ಬೇಡವಾಗಿತ್ತೇ? ಖಂಡಿತ ಬೇಕಿತ್ತು. ಆದರೆ ಅವರಿಗಿಂತ ಕೆಳಗೆ ಇದ್ದವರು ಬಾಗಿಲ ಹೊರಗೇ ಉಳಿದರು.

ಇಲ್ಲಿ ನಮ್ಮ ಮಾವನ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಮ್ಮನ ತವರು ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಒಂದು ಹಳ್ಳಿ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂತಲ್ಲ, ಆಗ ನಾನಿನ್ನೂ ಹೈಸ್ಕೂಲು ಸಹ ಮುಟ್ಟಿರಲಿಲ್ಲ. ಮಣ್ಣಿನ ಮಾಳಿಗೆ ಮನೆಗಳು ಮೂರು ದಿನದ ಮಳೆಗೆ ಕೂತುಬಿಟ್ಟವು. ಆಮೇಲೆ ಸರ್ಕಾರ 'ಆಸರೆ' ಅಂತ ಯೋಜನೆ ತಂದಿತು: ಎತ್ತರದ ಜಾಗದಲ್ಲಿ ಜಮೀನು ಸರ್ಕಾರದ್ದು, ಮನೆ ಕಟ್ಟಿಸಿಕೊಡುವುದು ಕಂಪನಿಗಳು, ಮಠಗಳು, ದಾನಿಗಳು. ಮಾವನಿಗೂ ಒಂದು ಮನೆ ಬಂತು. ಊರಿನಿಂದ ಎರಡು ಮೈಲಿ ಆಚೆ, ಸಾಲಾಗಿ ಒಂದೇ ಥರದ ಮನೆಗಳು, ಮೇಲೆ ಆರ್‌ಸಿಸಿ, ಕೆಳಗೆ ಗಟ್ಟಿ ನೆಲ. ಮಾವ ಹೋಗಲಿಲ್ಲ. ಅರ್ಧ ಬಿದ್ದ ಹಳೇ ಮನೆಯನ್ನೇ ತಗಡು ಹಾಕಿ ಸರಿಮಾಡಿಕೊಂಡು ಅಲ್ಲೇ ಇದ್ದ. ಬೇಸಿಗೆ ರಜೆಗೆ ಹೋದಾಗ "ಯಾಕ ಮಾಮಾ, ಹೊಸಾ ಮನಿ ಇದ್ದೂ ಇಲ್ಲೇ ಇದ್ದೀಯಲ್ಲ?" ಅಂತ ಕೇಳಿದೆ. "ಮನಿ ಛಲೋ ಅದ ತಮ್ಮಾ. ಎತ್ತು ಎಲ್ಲಿ ಕಟ್ಟಲಿ?" ಅಂದ.

ನಮ್ಮ ಕಡೆ ಹಳೇ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುವುದೇ ದನ ಕಟ್ಟುವ ಜಾಗ, ಗೋದಲಿ. ಅದರಾಚೆ ಒಂದು ಮೆಟ್ಟಿಲು ಏರಿದರೆ ಮನುಷ್ಯರ ಪಡಸಾಲೆ. ಕಾಳು ಇಡಲು ಹಗೇವು ಬೇರೆ. ದಾನಿಗಳು ಮಾವನಿಗೆ ಮನೆ ಕೊಟ್ಟರು, ಆದರೆ ಮಾವನ ಬದುಕು ಆ ಎರಡು ಕೋಣೆಯಲ್ಲಿ ಹಿಡಿಯಲಿಲ್ಲ. ಆಗ ನಾನೂ ಊರ ಜನರಿಗೆ ಕೊಟ್ಟದ್ದನ್ನು ಉಪಯೋಗಿಸಿಕೊಳ್ಳಲು ಬರುವುದಿಲ್ಲ ಅಂದುಕೊಂಡಿದ್ದೆ. ಲಂಡನ್ನಿನ ತಳ್ಳುಗಾಡಿಯವರ ಕತ್ತೆಯ ಬಗ್ಗೆ ಓದಿದ ಮೇಲೆ ಮಾವನ ಮಾತು ಅರ್ಥವಾಯಿತು. ಹತ್ತು ಹದಿನೈದು ವರ್ಷ ತಡವಾಗಿ.

ಇರಲಿ, ಮತ್ತೆ ಪೀಬಾಡಿಗೆ ಬರೋಣ. ನಿಯಮಗಳನ್ನು ಸಡಿಲ ಮಾಡಿದ್ದರೆ ಸಾಕಿತ್ತೇ? ಸಂಖ್ಯೆಗಳನ್ನು ನೋಡಿ. 1882ರ ಹೊತ್ತಿಗೆ, ಅಂದರೆ 20 ವರ್ಷದ ಕೆಲಸದ ನಂತರ, ಪೀಬಾಡಿ ನಿಧಿಯ ಸುಮಾರು 3,500 ಮನೆಗಳಲ್ಲಿ 14,600 ಜನರಿದ್ದರು. ಒಬ್ಬ ಮನುಷ್ಯನ ದಾನದಿಂದ ಇಷ್ಟು! ಆದರೆ ಅದೇ ಹೊತ್ತಿನಲ್ಲಿ ಲಂಡನ್ನಿನ ಜನಸಂಖ್ಯೆ 1861ರ 28 ಲಕ್ಷದಿಂದ 1881ಕ್ಕೆ 38 ಲಕ್ಷಕ್ಕೆ ಏರಿತ್ತು. ವರ್ಷಕ್ಕೆ 50,000, ವಾರಕ್ಕೆ ಹೆಚ್ಚುಕಡಿಮೆ ಒಂದು ಸಾವಿರ ಹೊಸ ಜನ. ಪೀಬಾಡಿ 20 ವರ್ಷದಲ್ಲಿ ಕಟ್ಟಿದ್ದನ್ನೆಲ್ಲ ಊರು 15 ವಾರದಲ್ಲಿ ನುಂಗಿ ನೀರು ಕುಡಿಯಿತು. ನಮ್ಮ ಕ್ಯಾಂಟೀನಿನ ಲೆಕ್ಕದ ತಪ್ಪು ಇದೇ. ನಾವು ಬಾಕಿ ಇರುವ ಟಿಕೆಟ್‌ಗಳನ್ನು ಎಣಿಸಿ, ಒಂದೊಂದಕ್ಕೆ ಇಷ್ಟು ಗಂಟೆ ಅಂತ ಗುಣಿಸಿ, ಇಂಥ ದಿನಕ್ಕೆ ಮುಗಿಯುತ್ತದೆ ಅಂತ ಮ್ಯಾನೇಜರಿಗೆ ಹೇಳಿದೆವು. ಹೊಸ ಟಿಕೆಟ್ ದಿನಾ ಬರುತ್ತಲೇ ಇರುತ್ತದೆ ಎನ್ನುವುದನ್ನು ಮರೆತೆವು.

ಆ ಹೊಸ ಟಿಕೆಟ್‌ಗಳಾದರೂ ಎಲ್ಲಿಂದ ಬರುತ್ತಿದ್ದವು? ಬರೀ ಹಳ್ಳಿಯಿಂದ ಬಂದವರಲ್ಲ. ರೈಲು ಕಂಪನಿಗಳು ಲಂಡನ್ನಿನೊಳಗೆ ಹಳಿ ತರಲು ಅಗ್ಗದ ಜಾಗ ಹುಡುಕುತ್ತಿದ್ದವು, ಅಗ್ಗದ ಜಾಗ ಅಂದರೆ ಬಡವರ ಕೇರಿ. ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಕ್ಕೆ ಬರುವ ರೈಲುದಾರಿಗಾಗಿ 1860ರ ದಶಕದಲ್ಲಿ ಏಗರ್ ಟೌನ್ ಎಂಬ ಇಡೀ ಬಡಾವಣೆಯೇ ನೆಲಸಮವಾಯಿತು. ಒಂದು ಕಡೆ ಒಬ್ಬ ಬ್ಯಾಂಕರಿನ ದುಡ್ಡು ಮನೆ ಕಟ್ಟುತ್ತಿತ್ತು, ಇನ್ನೊಂದು ಕಡೆ ನೂರು ಬ್ಯಾಂಕರುಗಳ ದುಡ್ಡು ಮನೆ ಕೆಡವುತ್ತಿತ್ತು. ಖಾಸಗಿ ಸಂಪತ್ತು ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ, ಅದರ ಎರಡು ಕೈ ಬೇರೆ ಬೇರೆ ಕೆಲಸ ಮಾಡುತ್ತಿರುತ್ತವೆ.

ಇನ್ನೊಂದು ಕುತೂಹಲದ ವಿಷಯ ಜಮೀನಿನದು. ಪೀಬಾಡಿ ಟ್ರಸ್ಟಿಗಳಿಗೆ ಊರ ನಡುವೆ ಜಾಗ ಕೊಳ್ಳುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಯಿತು. 1875ರಲ್ಲಿ ಕ್ರಾಸ್ ಕಾಯಿದೆ ಬಂತು. ಅದರ ಪ್ರಕಾರ ಊರಿನ ಮಂಡಳಿ ಕೊಳಚೆ ಕೇರಿಗಳನ್ನು ಮಾಲೀಕರಿಗೆ ಪರಿಹಾರ ಕೊಟ್ಟು ಕೊಂಡು, ಕೆಡವಿ, ಬಡವರ ಮನೆ ಕಟ್ಟುವವರಿಗೆ ಜಾಗ ಕೊಡಬೇಕು. ಕೇರಿಯಲ್ಲಿ ಜನ ಎಷ್ಟು ಕಿಕ್ಕಿರಿದಿದ್ದರೆ ಬಾಡಿಗೆ ಅಷ್ಟು ಜಾಸ್ತಿ, ಹಾಗಾಗಿ ಪರಿಹಾರವೂ ಜಾಸ್ತಿ! ಮಂಡಳಿ ದುಬಾರಿಗೆ ಕೊಂಡು ಪೀಬಾಡಿ ನಿಧಿಗೆ ಅಗ್ಗಕ್ಕೆ ಮಾರಿತು, ನಷ್ಟ ತೆರಿಗೆದಾರರ ಮೇಲೆ ಬಿತ್ತು. ಮೇಲಿಂದ ಸರ್ಕಾರದ ಸಾಲವೂ ಕಡಿಮೆ ಬಡ್ಡಿಗೆ ಸಿಕ್ಕಿತು. 1882ರ ಆ 3,500 ಮನೆಗಳಲ್ಲೂ ಹೀಗೆ ಪೀಬಾಡಿಯ ಹೆಸರಿನ ಹಿಂದೆ ಅಡಗಿ ಕೂತ ಸಾರ್ವಜನಿಕ ದುಡ್ಡು ಇತ್ತು. ಕೇರಿ ಕೆಡವಿದಾಗ ಎದ್ದುಹೋದ ಜನ ಹೊಸ ಕಟ್ಟಡ ಏಳುವವರೆಗೆ ಕಾಯುತ್ತಾ ಕೂರಲಿಲ್ಲ, ಪಕ್ಕದ ಗಲ್ಲಿಗಳಿಗೆ ನುಗ್ಗಿದರು. ಅಲ್ಲಿ ಬಾಡಿಗೆ ಏರಿತು.

ಪೀಬಾಡಿ ಒಬ್ಬನೇ ಅಲ್ಲ. ಬಿಯರ್ ಸಾಹುಕಾರ ಎಡ್ವರ್ಡ್ ಗಿನ್ನೆಸ್ 1890ರಲ್ಲಿ ಲಂಡನ್ನಿಗೆ 2,00,000, ಡಬ್ಲಿನ್ನಿಗೆ 50,000 ಪೌಂಡು ಕೊಟ್ಟ. ಆ ಟ್ರಸ್ಟಿನ ಸದಸ್ಯ ಲಾರ್ಡ್ ರೌಟನ್ ಅಕ್ಷರಶಃ ಸೂರಿಲ್ಲದ ಒಂಟಿ ಗಂಡಸರಿಗಾಗಿ ಸ್ವಂತ ದುಡ್ಡು ಹಾಕಿ 1892ರಲ್ಲಿ ವಾಕ್ಸ್‌ಹಾಲಿನಲ್ಲಿ ಒಂದು ದೊಡ್ಡ ವಸತಿಗೃಹ ತೆರೆದ. ರಾತ್ರಿಗೆ 6 ಪೆನ್ನಿ, ಶುಭ್ರ ಹಾಸಿಗೆ, ಬಿಸಿನೀರು. ಚೆನ್ನಾಗಿ ನಡೆದು 1905ರ ಹೊತ್ತಿಗೆ ಲಂಡನ್ನಿನಲ್ಲಿ ಅಂಥವು ಆರಾದವು, ಲಾಭವನ್ನೂ ಕೊಟ್ಟವು. ಮುಂದೆ ಜಾರ್ಜ್ ಆರ್ವೆಲ್ ಅಲೆಮಾರಿಗಳ ಜೊತೆ ತಾನೇ ಅಲೆದು ಬರೆದ ಪುಸ್ತಕದಲ್ಲಿ ಇಂಥ ವಸತಿಗೃಹಗಳಲ್ಲೆಲ್ಲ ರೌಟನ್ನನದೇ ಉತ್ತಮ ಎಂದು ಹೊಗಳಿ, ಶಿಸ್ತು ಜಾಸ್ತಿ ಎಂದು ಗೊಣಗಿದ್ದಾನೆ. ಆದರೆ ಅಲ್ಲಿ ಹೆಂಗಸರಿಗೆ ಜಾಗವಿಲ್ಲ, ಮಕ್ಕಳಿಗೆ ಇಲ್ಲ, 6 ಪೆನ್ನಿ ಇಲ್ಲದವನಿಗೂ ಇಲ್ಲ. ಅವರಿಗೆ ಥೇಮ್ಸ್ ದಂಡೆಯ ಬೆಂಚೇ ಗತಿ.

ಹಾಗಾದರೆ ಸರ್ಕಾರ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವನೂ ನಾನಲ್ಲ. ಲಂಡನ್ ಕೌಂಟಿ ಕೌನ್ಸಿಲ್ ತಾನೇ ಮನೆ ಕಟ್ಟಲು ಇಳಿದು, ಓಲ್ಡ್ ನಿಕಲ್ ಎಂಬ ಕುಖ್ಯಾತ ಕೇರಿಯನ್ನು ಕೆಡವಿ, 1900ರಲ್ಲಿ ಬೌಂಡರಿ ಎಸ್ಟೇಟನ್ನು ತೆರೆಯಿತು. ಈಗ ನೋಡಿದರೂ ಸುಂದರವಾದ ಬಡಾವಣೆ, ನಡುವೆ ಗುಡ್ಡದ ಮೇಲೆ ಮಂಟಪ. ಕೇರಿಯಿಂದ ಎಬ್ಬಿಸಿದ್ದು 5,719 ಜನರನ್ನು. ಹೊಸ ಮನೆಗಳಿಗೆ ಬಂದ ಹಳಬರು ಎಷ್ಟು ಗೊತ್ತೇ? 11. ಬಾಡಿಗೆ ಲೆಕ್ಕ ಸರಿದೂಗಬೇಕು ಅಂತ ಕೌನ್ಸಿಲ್ ಸಹ ಪಟ್ಟು ಹಿಡಿದಿತ್ತು. ಕಟ್ಟಿಸಿದವನು ಬ್ಯಾಂಕರೋ ಕೌನ್ಸಿಲರೋ ಎನ್ನುವುದಕ್ಕಿಂತ, ಪ್ರತಿ ವರ್ಷ ಬೀಳುವ ಕೊರತೆಯನ್ನು ಯಾರು ತುಂಬುತ್ತಾರೆ ಅನ್ನುವುದೇ ಇಲ್ಲಿನ ಪ್ರಶ್ನೆ. ಬಾಡಿಗೆ ಪೂರ್ತಿ ಕೊಡಲಾಗದವನಿಗೆ ಮನೆ ಕೊಡಬೇಕೆಂದರೆ ಒಮ್ಮೆ ದಾನ ಮಾಡಿದರೆ ಸಾಲದು, ಅವನು ಇರುವಷ್ಟು ಕಾಲ ಯಾರೋ ಭರಿಸುತ್ತಲೇ ಇರಬೇಕು. ದಾನಿ ಸಾಯುತ್ತಾನೆ, ಮನಸ್ಸು ಬದಲಾಯಿಸುತ್ತಾನೆ, ಷೇರು ಬೀಳುತ್ತದೆ.

ಆ ಕೊರತೆಯನ್ನು ಖಜಾನೆ ತುಂಬುತ್ತದೆ ಎಂದು ಬ್ರಿಟನ್ ಒಪ್ಪಿಕೊಂಡದ್ದು ಒಂದು ಮಹಾಯುದ್ಧ ಮುಗಿದ ಮೇಲೆ, 1919ರ ಆ್ಯಡಿಸನ್ ಕಾಯಿದೆಯಲ್ಲಿ. ಐದು ಲಕ್ಷ ಮನೆ ಎಂದು ಹೇಳಿ ಕಟ್ಟಿದ್ದು ಸುಮಾರು 2,13,000. ಮಾತು ತಪ್ಪಿದ್ದು ನಿಜ, ಆದರೂ ಆ ಅರೆಬರೆ ಯೋಜನೆಯೇ ಪೀಬಾಡಿ 20 ವರ್ಷದಲ್ಲಿ ಕಟ್ಟಿದ್ದಕ್ಕೆ ಅರವತ್ತು ಪಟ್ಟು. ಎರಡು ಯುದ್ಧಗಳ ನಡುವೆ ಇಂಥ ಮನೆಗಳು ಹತ್ತು ಲಕ್ಷ ದಾಟಿದವು. ಮನೆ ಕಳೆದುಕೊಂಡವರಿಗೆ ಸ್ಥಳೀಯ ಆಡಳಿತ ಸೂರು ಒದಗಿಸಲೇಬೇಕು ಎಂಬ ಕಾನೂನು ಬರಲು ಮಾತ್ರ 1977ರವರೆಗೆ ಕಾಯಬೇಕಾಯಿತು. ಅದಕ್ಕೆ ಹನ್ನೊಂದು ವರ್ಷ ಮೊದಲು ಬಿಬಿಸಿಯಲ್ಲಿ ಬಂದ 'ಕ್ಯಾಥಿ ಕಮ್ ಹೋಮ್' ಎಂಬ ಟಿವಿ ನಾಟಕ ನೋಡಿ ದೇಶವೇ ಬೆಚ್ಚಿಬಿದ್ದಿತ್ತು. ಒಳ್ಳೇ ದಿನ ಅಲ್ಲಿಗೆ ಬಂತು ಅಂತಲೂ ಇಲ್ಲ. 1980ರಿಂದ ಬಾಡಿಗೆದಾರರಿಗೇ ಆ ಮನೆಗಳನ್ನು ಮಾರಲು ಶುರುಮಾಡಿದರು, ಮಾರಿದಷ್ಟು ಮತ್ತೆ ಕಟ್ಟಲಿಲ್ಲ. 2024ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿದ್ದವು. ನಾನಿದ್ದಾಗ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಹತ್ತಿರವೂ ರಾತ್ರಿ ಮಲಗುವ ಚೀಲದಲ್ಲಿ ಮುದುಡಿದವರನ್ನು ನೋಡಿದ್ದೇನೆ, ಪೀಬಾಡಿ ಸ್ಕ್ವೇರಿನಿಂದ ಹತ್ತು ಹದಿನೈದು ನಿಮಿಷದ ನಡಿಗೆಯಲ್ಲಿ.

ಪೀಬಾಡಿಯ ಸಂಸ್ಥೆ ಇವತ್ತಿಗೂ ಇದೆ. ಒಂದು ಲಕ್ಷಕ್ಕೂ ಹೆಚ್ಚು ಮನೆಗಳು ಅದರ ಕೈಯಲ್ಲಿವೆ. ನೋಡಿ, ಕೊನೆಗೆ ದಾನವೇ ಗೆದ್ದಿತಲ್ಲ ಎಂದು ನಾನೂ ಒಂದು ಕ್ಷಣ ಖುಷಿಪಟ್ಟೆ. ಆದರೆ ಅವುಗಳಲ್ಲಿ ಬಹಳಷ್ಟು ಬಂದದ್ದು ಬೇರೆ ಸಂಸ್ಥೆಗಳ ವಿಲೀನದಿಂದ, 1974ರ ನಂತರ ಇಂಥ ಸಂಸ್ಥೆಗಳಿಗೆ ಸಿಗತೊಡಗಿದ ಸರ್ಕಾರಿ ಅನುದಾನದಿಂದ. ಲಂಡನ್ನಿನ ಪೂರ್ವದಲ್ಲಿರುವ ಥೇಮ್ಸ್‌ಮೀಡ್ ಎಂಬ ದೊಡ್ಡ ಬಡಾವಣೆಯ ಮನೆಗಳು 2014ರಲ್ಲಿ ಅದಕ್ಕೆ ಸೇರಿದವು. ಆ ಊರನ್ನು ಕಟ್ಟಿಸಲು ಹೊರಟಿದ್ದು ಗ್ರೇಟರ್ ಲಂಡನ್ ಕೌನ್ಸಿಲ್, ಜನರ ತೆರಿಗೆಯಲ್ಲಿ.

ಪೀಬಾಡಿಯ ಬಗ್ಗೆ ನನಗೆ ಗೌರವ ಕಡಿಮೆಯಾಗಿಲ್ಲ. ಐದು ಲಕ್ಷ ಪೌಂಡು ಸಾವಿರಾರು ಸಂಸಾರಗಳಿಗೆ ಕಾಲರಾ ಇಲ್ಲದ ಮೆಟ್ಟಿಲು, ಬೆಳಕಿರುವ ಕೋಣೆ ಕೊಟ್ಟಿತು. ಬಡವರ ಮನೆ ಹೀಗೂ ಇರಬಹುದು ಎಂದು ಮೊದಲು ತೋರಿಸಿಕೊಟ್ಟವರಲ್ಲಿ ಅವನೂ ಒಬ್ಬ, ಆಮೇಲೆ ಕಟ್ಟಿದ ಕೌನ್ಸಿಲ್‌ಗಳು ನೋಡಿ ಕಲಿತದ್ದು ಇಂಥ ಕಟ್ಟಡಗಳಿಂದಲೇ. ಟಿಶ್ಯೂ ಪೇಪರಿನ 45,000 ಕೋಟಿಯೂ ಅಷ್ಟನ್ನು ಮಾಡೀತು. ಅದಕ್ಕಿಂತ ಹೆಚ್ಚು ಅದರ ಕೈಯಲ್ಲಿ ಆಗುತ್ತದೆ ಅಂತ ನನಗೆ ನಂಬಿಕೆಯಿಲ್ಲ. ಇದನ್ನೆಲ್ಲ ಕ್ಯಾಂಟೀನಿನಲ್ಲಿ ಹೇಳಿದಾಗ ಆ ಹುಡುಗ "ಹಾಗಂತ ಕೊಡೋದೇ ಬೇಡ್ವಾ?" ಅಂದ. ಕೊಡಲಿ, ಆದರೆ ಜಮೀನು ಯಾರದು, ಮುಂದಿನ ವರ್ಷದ ಕೊರತೆ ಯಾರದು ಅಂತ ಮೊದಲು ಕೇಳಲಿ ಅಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ, ಇನ್ನೊಂದು ದಿನ ಮುಂದುವರಿಸೋಣ ಅಂತ ಎದ್ದ.

ಮಾವ 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಊರೊಳಗೆ ಬಂದ ಮೇಲೆ ಆಸರೆ ಮನೆಗೆ ಹೋದ. ಅಷ್ಟರಲ್ಲಿ ಎತ್ತು ಮಾರಿಯಾಗಿತ್ತು, ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಕಳೆದ ಯುಗಾದಿಗೆ ಹೋದಾಗ ನೋಡಿದೆ, ಮನೆಯ ಮುಂದೆ ತಾನೇ ತಗಡಿನ ಚಪ್ಪರ ಹಾಕಿಕೊಂಡು ಒಂದು ಎಮ್ಮೆ ಕಟ್ಟಿದ್ದಾನೆ. ಅತ್ತೆ ಆ ಚಪ್ಪರದಲ್ಲೇ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಒಳಗಿನ ಅಡುಗೆಕೋಣೆಯಲ್ಲಿ ಜೋಳದ ಚೀಲ ಪೇರಿಸಿಟ್ಟಿದ್ದರು.